ವಿಭೂತಿ ಎಳೆದ ಮಾನಿಟರ್

ನಂಜನಗೂಡು ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ರೋಜಾ ನರ್ಸು. ವಾರ್ಡಿಗೆಲ್ಲ ಒಂದೇ ಮಾನಿಟರ್. ಇನ್ನೊಂದು ಕೇಳಿ ಕೇಳಿ ಅವಳು ಸೋತಿದ್ದಾಳೆ, ಕೊಡಬೇಕಾದವರಿಗೆ ನಾಚಿಕೆಯಿಲ್ಲ. ಆ ಮಾನಿಟರ್ ನಾಡಿ, ಉಸಿರು ತೋರಿಸುತ್ತದೆ, ಅಷ್ಟೆ. ಹೆಡತಲೆ ಊರಿನ ಶಿವರಾಜು ಮಾತ್ರ ತನ್ನ ತಾಯಿ ಚನ್ನಾಜಮ್ಮನ ಜೀವ ಹಿಡಿದಿರುವುದೇ ಅದು ಎಂದು ನಂಬಿ, ಅದಕ್ಕೆ ಮೂರು ಬೆರಳು ವಿಭೂತಿ ಎಳೆದಿದ್ದ.

ಮುದುಕಿ ಚೇತರಿಸಿಕೊಂಡಿದ್ದಳು. ಎದುರು ಹಾಸಿಗೆಗೆ ಏದುಸಿರು ಬಿಡುತ್ತಿದ್ದ ಕೂಲಿಯಾಳೊಬ್ಬನನ್ನು ತಂದು ಮಲಗಿಸಿದರು. ರೋಜಾ ಮಾನಿಟರಿಗೆ ಕೈ ಹಾಕಿದಾಗ ಶಿವರಾಜು ಅಡ್ಡ ನಿಂತ.

“ತಗೀಬ್ಯಾಡಿ ಸಿಸ್ಟರ್, ನಮ್ಮವ್ವ ಓಯ್ತಾಳೆ.”

“ಇದು ನೋಡ್ತದೆ ಕಣಣ್ಣ, ಉಳಿಸಾಕಿಲ್ಲ.” ಅವಳಿಗೆ ಗದರಲೂ ತ್ರಾಣವಿರಲಿಲ್ಲ.

ಚನ್ನಾಜಮ್ಮನೇ ಬೆರಳಿನ ಕ್ಲಿಪ್ ಕಿತ್ತು ಕೊಟ್ಟಳು. “ತಕ್ಕೊಂಡೋಗವ್ವ, ಇದ್ರ ಕೂಗ್ಗೆ ನಿದ್ದೇನೇ ಇಲ್ಲ. ಲೇ ಶಿವ, ನಾನಿನ್ನೂ ಬದುಕಿವ್ನಿ, ದಾರಿ ಬುಡ್ಲಾ.”

ವಿಭೂತಿ ಒರೆಸಲೂ ಪುರುಸೊತ್ತಿಲ್ಲದೆ ರೋಜಾ ಅದನ್ನು ಹಾಗೆಯೇ ತಳ್ಳಿಕೊಂಡು ಹೋದಳು.