ಗಿರಿಜಕ್ಕನ ಬಂಗಡೆ, ತಾರ್ಲೆ

ಕರ್‍ರ್… ಕರ್‍ರ್… ಹೊನ್ನಾವರದ ವಕೀಲರ ಆಫೀಸಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕಿರುಚಿತೆಂದರೆ ಗಿರಿಜಕ್ಕ ಒಂದು ಕಾಗದ ಮುಗಿಸಿದಳೆಂದೇ ಅರ್ಥ. ಎರಡು ಸಾವಿರದ ಇಸವಿಯ ಆಸುಪಾಸು. ಮಾವಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಟೈಪಿಸ್ಟ್ ಅವಳು. ನಾನು ಅಲ್ಲಿ ಜೂನಿಯರ್ ವಕೀಲೆ; ಕಾನ್ವೆಂಟಿನಲ್ಲಿ ಓದಿದವಳೆಂದು ಇಂಗ್ಲಿಷ್ ನೋಟಿಸುಗಳ ಡ್ರಾಫ್ಟ್ ನನ್ನ ಪಾಲು. ಗಿರಿಜಕ್ಕನಿಗೆ ಕಂಪ್ಯೂಟರಿನ ಜೊತೆ ಮಾತಾಡದೆ ಕೆಲಸ ಸಾಗದು. ಸಾಲಿನ ಮೊದಲ ಅಕ್ಷರ ತಾನಾಗಿ ದೊಡ್ಡದಾದರೆ, "ನಿಂಗೆ ಯಾರು ಹೇಳಿದ್ರು? ಕೇಳಿದ್ದಷ್ಟೇ ಮಾಡು" ಎಂದು ಗದರಿ, ಸೆಟ್ಟಿಂಗಿಗೆ ಹೋಗಿ ಆ ಟಿಕ್ ಮಾರ್ಕ್ ಕಿತ್ತೇಬಿಡುವಳು.

ಒಮ್ಮೆ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಮೂಳೆ ಕೂಡಿತು, ಬೆರಳುಗಳು ಮಡಚಿಕೊಂಡೇ ಉಳಿದವು.

"ಗಿರಿಜಾ, ಇನ್ನು ರೆಸ್ಟ್ ತಗೋ. ಸೋಮವಾರದಿಂದ ಕುಮಟೆಯ ಹುಡುಗಿ ಬರ್ತಾಳೆ" ಎಂದರು ವಕೀಲರು, ಮೆತ್ತಗೆ.

"ಶನಿವಾರದ ತನಕ ಕುರ್ಚಿ ನಂದೇ ಅಲ್ದಾ? ಅಷ್ಟರೊಳಗೆ ಮಾಡಿ ತೋರಿಸ್ತೆ."

ತಪ್ಪು ಪದವನ್ನು ತಾನೇ ತಿದ್ದುವ ಆಟೋಕರೆಕ್ಟಿನೊಳಗೆ ಅವಳು ಎಡಗೈಯಿಂದಲೇ ಮೀನಿನ ಹೆಸರು ತುಂಬತೊಡಗಿದಳು. ಒಂದು ಚೌಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬಂಗಡೆ. ಪಕ್ಕದ ಚೌಕದಲ್ಲಿ, ನನ್ನ ಕಕ್ಷಿದಾರರ ಸೂಚನೆಯ ಮೇರೆಗೆ ಎಂಬ ಉದ್ದನೆಯ ಇಂಗ್ಲಿಷ್ ಸಾಲು. ಬಂಗಡೆ ಎಂದು ಟೈಪಿಸಿ ಸ್ಪೇಸ್ ಒತ್ತಿದರೆ ಇಡೀ ಸಾಲು ಹಾಜರ್! ತಾರ್ಲೆಗೆ ಇನ್ನೊಂದು ಸಾಲು, ಇಸ್ವಾಣಕ್ಕೆ ಮತ್ತೊಂದು.

"ಮೀನೇ ಯಾಕೆ ಮಾರಾಯ್ತಿ?" ಎಂದೆ.

"ವಕೀಲ್ರ ಕಾಗದದಾಗೆ ಮೀನು ಎಲ್ಲಿಂದ ಬರ್ತದೆ ಮೇಡಂ? ಗೊಂದಲವೇ ಇಲ್ಲ."

ಶನಿವಾರ ಸಂಜೆ ಬಂದರು ನೋಡಿ, ಬೆಳಕೆ ಊರಿನ ಮೀನು ವ್ಯಾಪಾರಿ! ಮುಂಬೈಯವರು ಸರಕು ವಾಪಸು ಕಳಿಸಿದ್ದರಂತೆ. ಅಂದಿನ ಅಂಚೆಗೇ ನೋಟಿಸ್ ಹೋಗಬೇಕು. ವಕೀಲರು ಅವಳ ಬೆನ್ನ ಹಿಂದೆಯೇ ನಿಂತರು. ಬಂಗಡೆಯ ಬುಟ್ಟಿ ಎಂದು ಬರೆಯಹೋದರೆ, ಬುಟ್ಟಿಯೊಳಗೆ ಕಕ್ಷಿದಾರರ ಸೂಚನೆ ಬಂದು ಕೂತಿತು. ಗಿರಿಜಕ್ಕ ನಕ್ಕಳು.

"ಎಂತ, ಕರೀದೇ ಬಂದ್ಯಾ? ಬಂದ ದಾರೀಲೇ ಹೋಗು" ಎಂದು ಎಡಗೈಯಲ್ಲೇ ಕಂಟ್ರೋಲ್ ಝಡ್ ಒತ್ತಿದಳು. ಸಾಲು ಮಾಯ, ಮೀನು ಹಾಜರ್! ಮೀನು ಬಂದಲ್ಲೆಲ್ಲ ಹೀಗೇ ಮಾಡುತ್ತ, ಉಳಿದ ಕಡೆ ಸಾಲುಸಾಲು ಸುರಿಯುತ್ತ, ಅಂಚೆಗೆ ಮೊದಲೇ ನೋಟಿಸ್ ಕೈಗಿಟ್ಟಳು.

ಓದಿ ಮುಗಿಸಿದ ವಕೀಲರು ನನ್ನತ್ತ ತಿರುಗಿ, "ಕುಮಟೆಗೆ ಫೋನ್ ಮಾಡಿ, ಆ ಹುಡುಗಿ ಬರೋದು ಬೇಡ" ಎಂದರು.

"ಆತು, ಸೋಮವಾರ ಬರ್ತೆ" ಎಂದು ಗಿರಿಜಕ್ಕ ಚೀಲ ಹೆಗಲಿಗೇರಿಸಿದಳು.

ಆಮೇಲೆ ಬಹಳ ವರ್ಷ ಆ ಕುರ್ಚಿಗೆ ಅವಳೇ ರಾಣಿ. ಸಾಕೆನಿಸಿದ ದಿನ ತಾನಾಗಿ ಬಿಟ್ಟಳು. ಆ ಸಂಜೆ ಬಸ್ ಸ್ಟ್ಯಾಂಡಿಗೆ ಬಿಡಲು ಹೋಗಿದ್ದೆ. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಹತ್ತಿಸಲು ಕೈ ಚಾಚಿದ ಕಂಡಕ್ಟರನಿಗೆ, "ನಾ ಹತ್ತತೆ, ನೀ ರೈಟ್ ಹೇಳು" ಎಂದಳು. ನಾನು ಕೈ ಬೀಸುತ್ತಲೇ ನಿಂತಿದ್ದೆ. ಅವಳಾಗಲೇ ಪಕ್ಕದ ಸೀಟಿನವಳ ಜೊತೆ ಮಾತಿಗಿಳಿದಿದ್ದಳು.