ಸತ್ತ ಆರು ವರ್ಷಕ್ಕೆ ಮದುವೆಯಾದವಳು

ಕಸ್ತೂರಕ್ಕ, ಏಳು ವರ್ಷದ ಹಿಂದೆ ಕೊಲ್ಹಾಪುರದ ನನ್ನ ಮನೆಯ ಪಡಸಾಲೆಯಲ್ಲಿ ಕೂತು, ನಿಮ್ಮ ತಾಯಿಯ ತವರು ನಮ್ಮ ಮನೆಯಲ್ಲ ಎಂದು ನಾನು ನಿಮಗೆ ಹೇಳಿದೆ. ಸುಳ್ಳು ಹೇಳಿದೆ. ನೀವು ಬರುವುದಕ್ಕೆ ಎರಡು ತಿಂಗಳು ಮೊದಲೇ ನನಗೆ ಎಲ್ಲವೂ ಗೊತ್ತಿತ್ತು. ನಿಮ್ಮ ತಾಯಿ ನನ್ನ ಅಪ್ಪನ ಒಡಹುಟ್ಟಿದ ಅಕ್ಕ, ನನ್ನ ಸೋದರತ್ತೆ. ಸಂಬಂಧ ಹಿಡಿದು ಕರೆಯುವುದಾದರೆ ನಾನು ನಿಮ್ಮನ್ನು ವೈನಿ, ಅಂದರೆ ಅತ್ತಿಗೆ ಎನ್ನಬೇಕು. ಆ ಹಕ್ಕನ್ನು ಆ ದಿನ ನಾನೇ ಕಳೆದುಕೊಂಡೆ, ಅದಕ್ಕೆ ಅಕ್ಕ ಎಂದೇ ಬರೆಯುತ್ತಿದ್ದೇನೆ.

ಹೇಗೆ ಗೊತ್ತಾಯಿತು ಎಂಬುದನ್ನು ಮೊದಲು ಹೇಳಬೇಕು. ಹೇಳುವಾಗ ಅಲ್ಲಲ್ಲಿ ನನಗೆ ಖುಷಿಯಾದಂತೆ ನಿಮಗೆ ಕಾಣಬಹುದು. ಹುಡುಕುವಾಗ ಖುಷಿಯಾಗಿದ್ದು ನಿಜ — ಅದನ್ನು ಮುಚ್ಚಿಟ್ಟರೆ ಇದು ಇನ್ನೊಂದು ಸುಳ್ಳಾಗುತ್ತದೆ.

ಮೂವತ್ತು ವರ್ಷ ನಾನು ಕೊಲ್ಹಾಪುರದ ಒಂದು ಶಾಲೆಯ ಆಫೀಸಿನಲ್ಲಿ ಕಾರಕೂನಳಾಗಿದ್ದೆ. ಮಕ್ಕಳು ಶಾಲೆ ಬಿಡುವಾಗ ದಾಖಲೆ ಬರೆದುಕೊಡುವುದು ನನ್ನ ಕೆಲಸ. ನಮ್ಮ ರಜಿಸ್ಟರ್ ನೋಡಿದರೆ ಅರ್ಧ ಊರು ಜೂನ್ ಒಂದನೇ ತಾರೀಖಿಗೆ ಹುಟ್ಟಿದೆ. ತಂದೆತಾಯಿಗೆ ತಾರೀಖು ನೆನಪಿರುತ್ತಿರಲಿಲ್ಲ, ಗುರುಗಳು ಶಾಲೆ ಶುರುವಾಗುವ ತಿಂಗಳನ್ನೇ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಹೀಗಾಗಿ ಕಾಗದ ಹೇಗೆ ಸುಳ್ಳು ಹೇಳುತ್ತದೆ, ಯಾಕೆ ಹೇಳುತ್ತದೆ ಎಂಬುದರಲ್ಲಿ ನನಗೆ ಒಳ್ಳೆಯ ಪಳಗಿಕೆ ಇತ್ತು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ನನ್ನ ತವರೂರು ನೂಲದ ನಮ್ಮ ಮನೆತನದ ವಂಶಾವಳಿ ಬರೆಯುತ್ತೇನೆ ಎಂದು ಕೂತೆ. ಹೊಲಮನೆ ನೋಡಿಕೊಂಡು ಅಲ್ಲಿಯೇ ಇರುವ ನನ್ನ ಅಣ್ಣ ಶಿವಪ್ಪ ನಕ್ಕ. “ಸತ್ತವ್ರನ್ನ ಎಬ್ಬಿಸಿ ಹಾಜರಿ ತಗೊಳ್ಳಾಕ ಹೊಂಟೀಯೇನ?” ಎಂದ.

ಮೊದಲು ಸಿಕ್ಕಿದ್ದು ನೂಲದ ಶಾಲೆಯ ಹಳೆಯ ರಜಿಸ್ಟರ್. ಅದರಲ್ಲಿ ಅಪ್ಪನ ಹೆಸರಿಗಿಂತ ನಾಲ್ಕು ವರ್ಷ ಮೊದಲು ‘ಬಾಳವ್ವ’ ಎಂಬ ಹುಡುಗಿ, ತಂದೆಯ ಹೆಸರು ನಮ್ಮಜ್ಜನದು. ಅಪ್ಪನಿಗೆ ಅಕ್ಕ ಇದ್ದಳೆಂದು ನಾನು ಕೇಳಿಯೇ ಇರಲಿಲ್ಲ. ಅಣ್ಣನನ್ನು ವಿಚಾರಿಸಿದೆ. ಯಾರೋ ಒಬ್ಬಳಿದ್ದಳಂತೆ, ಸಣ್ಣವಳಿದ್ದಾಗಲೇ ಹೋದಳಂತೆ ಎಂದಷ್ಟೇ ಅವನಿಗೆ ಗೊತ್ತು. ಗಡಹಿಂಗ್ಲಜಕ್ಕೆ ಹೋಗಿ, ಜಮೀನು ಯಾರಿಂದ ಯಾರ ಹೆಸರಿಗೆ ಹೋಯಿತು ಎಂದು ಬರೆದಿಡುವ ಫೇರಫಾರದ ನಕಲು ತೆಗೆಸಿದೆ. ಅಜ್ಜ ತೀರಿದ ಮೇಲೆ ಅಪ್ಪ ಕೊಟ್ಟ ಹೇಳಿಕೆ ಅದರಲ್ಲಿತ್ತು: ಹಿರಿಯ ಮಗಳು ಬಾಳವ್ವ ಹದಿನೈದನೆಯ ವಯಸ್ಸಿನಲ್ಲಿ, ಮದುವೆಗೆ ಮೊದಲೇ ‘ಮಯತ’ — ಎಂದರೆ ತೀರಿಕೊಂಡಿದ್ದಾಳೆ, ವಾರಸುದಾರ ನಾನೊಬ್ಬನೇ. ಮರಾಠಿ ಬರಹದ ಕೆಳಗೆ ಅಪ್ಪನ ಕನ್ನಡ ಸಹಿ, ನನಗೆ ಅಕ್ಷರ ಕಲಿಸಿದ ಅದೇ ದುಂಡು ಕೈ. ಪಾಪ, ಹುಡುಗಿ ಎಂದುಕೊಂಡು ನನ್ನ ನಕ್ಷೆಯಲ್ಲಿ ಅವಳ ಹೆಸರಿನ ಕೆಳಗೆ ಗೆರೆ ಎಳೆದು ಮುಗಿಸಿದೆ.

ಮುಗಿಯಗೊಡಲಿಲ್ಲ ಹೆಳವ. ನಿಮ್ಮ ಕಡೆಗೂ ಬರುತ್ತಾರೋ ಏನೋ — ಮನೆತನಗಳ ಹೆಸರು ತಲೆತಲಾಂತರದಿಂದ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಬಂದು ಅಂಗಳದಲ್ಲಿ ಕೂತು ಓದಿ, ಕಾಳುಕಡಿ ಪಡೆದು ಹೋಗುವವರು. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಮೋಟಾರ್‌ಸೈಕಲ್ ಮೇಲೆ. ಆ ವರ್ಷ ಹೆಳವ ಬಂದಾಗ ನಾನೂ ನೂಲದಲ್ಲಿದ್ದೆ. ಹೆಣ್ಣುಮಕ್ಕಳ ಹೆಸರನ್ನು ಅವರು ಬರೆಯುವುದಿಲ್ಲ, ಕೊಟ್ಟ ಊರನ್ನು ಬರೆಯುತ್ತಾರೆ. ಅಜ್ಜನ ಸಾಲಿಗೆ ಬಂದಾಗ ಅವನು ಓದಿದ: “ಗಂಡು ಒಂದು. ಹೆಣ್ಣು ಒಂದು, ಯಡ್ರಾವಕ್ಕ ಹೋದದ್ದು.”

ನಾನು ತಡೆದೆ. ಆ ಹುಡುಗಿ ಮದುವೆಗೆ ಮೊದಲೇ ಸತ್ತಿದ್ದಾಳೆ, ಸರಕಾರಿ ಕಾಗದವಿದೆ ಎಂದೆ. ಅವನು ಪುಸ್ತಕದಿಂದ ತಲೆ ಎತ್ತಲೇ ಇಲ್ಲ. “ಇದು ನಮ್ಮಜ್ಜ ಬರದದ್ದರಿ ಯವ್ವಾ. ಸತ್ತಾಕಿ ಯಡ್ರಾವಕ್ಕ ಹ್ಯಾಂಗ ಹೋದಾಳ್ರಿ?” ಎಂದು ಮುಂದಿನ ಸಾಲಿಗೆ ಹೋದ.

ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಊಟದಲ್ಲಿ, ಸ್ನಾನದಲ್ಲಿ ಅದೇ. ಕೊಲ್ಹಾಪುರದಲ್ಲಿ ಹಳೆಯ ಮದುವೆ ನೋಂದಣಿಯ ಪುಸ್ತಕಗಳನ್ನು ಇಟ್ಟ ಕಚೇರಿಗೆ ಮೂರು ವಾರ ಅಲೆದೆ. ಮೂಗಿಗೆ ಸೆರಗು ಕಟ್ಟಿಕೊಂಡು ಧೂಳಿನಲ್ಲಿ ಹಾಳೆ ತಿರುವಿದೆ, ಕೊನೆಗೆ ಒಂದು ದಿನ — ಸಿಕ್ಕಳು. ಬಾಳವ್ವ, ತಂದೆ ನಮ್ಮಜ್ಜ, ಊರು ನೂಲ, ವಯಸ್ಸು ಇಪ್ಪತ್ತೊಂದು. ವರ ಮಾರುತಿ, ಕೈಮಗ್ಗದ ಕೆಲಸ, ಊರು ಯಡ್ರಾವ. ಹದಿನೈದಕ್ಕೆ ಸತ್ತವಳು ಇಪ್ಪತ್ತೊಂದಕ್ಕೆ ಮದುವೆಯಾಗಿದ್ದಾಳೆ. ವರನ ಜಾತಿಯ ಕಾಲಮ್ಮಿನಲ್ಲಿ ಬೇರೆ ಜಾತಿ ಇತ್ತು. ಅಲ್ಲಿಗೆ ಕಥೆಯೆಲ್ಲ ಬಿಚ್ಚಿಕೊಂಡಿತು: ಬೇರೆ ಜಾತಿಯವನನ್ನು ಮದುವೆಯಾದವಳನ್ನು ಮನೆಯವರು ಸತ್ತವಳೆಂದು ಬರೆಸಿದ್ದಾರೆ. ನಾನು ಕಚೇರಿಯ ಬೆಂಚಿನ ಮೇಲೆ ಒಬ್ಬಳೇ ಕೂತು ನಕ್ಕೆ ಎಂದರೆ ನಂಬುತ್ತೀರಾ? ಅಷ್ಟು ಹಿಗ್ಗು.

ಆದರೆ ಯಡ್ರಾವದ ಹಳೆಯ, ಹೊಸ ಮತದಾರರ ಪಟ್ಟಿಗಳಲ್ಲೂ ಮನೆಯ ಹಕ್ಕಿನ ದಾಖಲೆಯಾದ ಉತಾರದಲ್ಲೂ ಮಾರುತಿಯವರ ಹೆಂಡತಿ ಸುಮಿತ್ರಾ. ಬಾಳವ್ವ ಎಲ್ಲಿಯೂ ಇಲ್ಲ. ಹಾಗಾದರೆ ಬಾಳವ್ವ ಸತ್ತು ಅವರು ಎರಡನೆಯ ಮದುವೆ ಆಗಿರಬೇಕು ಎಂದು ನಿರ್ಧರಿಸಿಬಿಟ್ಟೆ. ಸತ್ತಿದ್ದಾಳಲ್ಲ, ಅಪ್ಪ ಸುಳ್ಳು ಬರೆಸಿದ್ದು ವಯಸ್ಸು, ಮದುವೆಯ ಮಾತು ಮಾತ್ರ — ಒಂದು ವಾರ ಹಾಗೆಂದು ನೆಮ್ಮದಿಯಾಗಿದ್ದೆ. ಆಮೇಲೆ ಪೆನ್ಷನ್ ಕಾಗದಕ್ಕೆ ಸಹಿ ಹಾಕುವಾಗ ಕೈ ನಿಂತಿತು. ನಾನು ಹಾಕುತ್ತಿದ್ದ ಸಹಿ ಶಾಲಿನಿ. ನೂಲದಲ್ಲಿ ನಾನು ಮಹಾದೇವಿ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ನನ್ನವರು ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆದಿದ್ದರು. ಈ ಕಡೆ ಯಾವ ಹೆಣ್ಣುಮಗಳಿಗೆ ಹೀಗಾಗುವುದಿಲ್ಲ? ಎರಡು ಹೆಸರು ಹೊತ್ತು ನಲವತ್ತು ವರ್ಷ ಬಾಳಿದ ನಾನೇ, ಒಬ್ಬಳನ್ನು ಇಬ್ಬರು ಎಂದುಕೊಂಡಿದ್ದೆ. ಬಾಳವ್ವನೇ ಸುಮಿತ್ರಾ. ಹೊಸ ಪಟ್ಟಿಯಲ್ಲೂ ಇದ್ದಾಳೆ, ಅಂದರೆ ಬದುಕಿದ್ದಾಳೆ.

ಮರುದಿನವೇ ಇಚಲಕರಂಜಿಯ ಬಸ್ ಹತ್ತಿ ಯಡ್ರಾವಕ್ಕೆ ಬಂದೆ. ನಿಮ್ಮ ಓಣಿಯ ಎರಡೂ ಕಡೆ ಪವರ್‌ಲೂಮ್‌ಗಳ ಸದ್ದು. ನಿಮ್ಮ ಮನೆಯ ಹೊಸ್ತಿಲಲ್ಲಿ ಒಬ್ಬ ಮುದುಕಿ ಕೂತು ಶೇಂಗಾ ಸುಲಿಯುತ್ತಿದ್ದರು. ಒಳ್ಳೆಯ ಕಾಳನ್ನು ಮೊರಕ್ಕೆ ಹಾಕಿ, ಸೊರಗಿದ ಕಾಳನ್ನು ತಮ್ಮ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಮ್ಮಪ್ಪ ಕೊನೆಯವರೆಗೂ ಹಾಗೆಯೇ ಮಾಡುತ್ತಿದ್ದ. ಅವರು ತಲೆ ಎತ್ತಿ “ಯಾರ ಬೇಕಾಗಿತ್ರಿ?” ಎಂದರು. “ಯಾರಿಲ್ರಿ, ದಾರಿ ತಪ್ಪೇತಿ” ಎಂದೆ. ಅವರು ಎರಡು ಹಿಡಿ ಶೇಂಗಾ ಕೊಡಬಂದರು. ಬೇಡವೆಂದು ತಿರುಗಿ ಬಂದುಬಿಟ್ಟೆ.

ಯಾಕೆ ಬಾಯಿ ಬಿಡಲಿಲ್ಲ? ಇದನ್ನು ನನಗೆ ನಾನೇ ಎಷ್ಟೋ ಬಗೆಯಲ್ಲಿ ಹೇಳಿಕೊಂಡಿದ್ದೇನೆ. ಹಿರಣ್ಯಕೇಶಿಯ ದಂಡೆಯ ಕಬ್ಬಿನ ಹೊಲ ಅಣ್ಣನದು, ಅದಕ್ಕೆ ಪಾಲು ಬಂದೀತೆಂಬ ಹೆದರಿಕೆ — ಅದಿತ್ತು. ಅದಕ್ಕಿಂತ ದೊಡ್ಡದು ಅಪ್ಪನ ಸಹಿ. ಬದುಕಿರುವ ಅಕ್ಕನನ್ನು ತನ್ನ ಕೈಯಾರೆ ಸಾಯಿಸಿ ಬರೆದವನು ನನ್ನ ಅಪ್ಪ. ಹಾಲಿಗೆ ನೀರು ಬೆರೆಸಿದವನನ್ನು ಮನೆಬಾಗಿಲಿಂದ ಬೈದು ಕಳಿಸುತ್ತಿದ್ದ ಅಪ್ಪ. ಇನ್ನೂ ಒಂದಿದೆ, ಬರೆಯಲು ನಾಚಿಕೆ — ಈ ಗುಟ್ಟು ನಾನೊಬ್ಬಳೇ ಬಿಡಿಸಿದ್ದು, ನನ್ನ ಫೈಲಿನದು ಎಂಬ ಒಂದು ಹಮ್ಮು. ಆ ಮುದುಕಿ ಒಂದು ಜೀವವೆಂದು ಆಗ ನನಗೆ ಅನಿಸಬೇಕಾದಷ್ಟು ಅನಿಸಲಿಲ್ಲ.

ಎರಡು ತಿಂಗಳಿಗೆ ನೀವೇ ಬಂದಿರಿ. ಮೊದಲು ನೂಲಕ್ಕೆ ಹೋಗಿದ್ದಿರಿ. ಅಣ್ಣನಿಗೆ ಏನೂ ಗೊತ್ತಿರಲಿಲ್ಲ. “ನನ್ನ ತಂಗಿ ಎಲ್ಲಾ ಕಾಗದಾ ತಗದಾಳ, ಅಕಿ ಹೇಳಿದ್ದ ಖರೆ” ಎಂದು ನನ್ನ ವಿಳಾಸ ಕೊಟ್ಟ. ನೀವು ಬಟ್ಟೆಯ ಚೀಲದಿಂದ ತಾಯಿಯ ಆಧಾರ್ ಕಾರ್ಡಿನ ಝೆರಾಕ್ಸ್ ತೆಗೆದಿರಿ. ನಿಮ್ಮ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ.

“ಅವ್ವಗ ಈಗ ಒಂದ ತಿಂಗಳಾತ್ರಿ, ಹಾಸಿಗಿ ಹಿಡದಾಳ. ನೆನಪು ಅಷ್ಟಕ್ಕಷ್ಟ. ಕಾಗದದಾಗ ಸುಮಿತ್ರಾ ಐತಿ, ಅಕಿ ನೋಡಿದ್ರ ನಾ ಬಾಳವ್ವ, ನೂಲದಾಕಿ ಅಂತಾಳ. ಜಲಮಾಪೂರ್ತಿ ನನಗ ತವರಿಲ್ಲಂತ ಹೇಳಿದಾಕಿ, ಈಗ ಹಟಾ ಹಿಡದಾಳ್ರಿ. ಹೋಗೂ ಮುಂದ ಮೈಮ್ಯಾಲ ತವರ ಸೀರಿ ಬೇಕಂತ.” ಝೆರಾಕ್ಸನ್ನು ಮತ್ತೆ ಚೀಲಕ್ಕೆ ಹಾಕುತ್ತ ಅಂದಿರಿ: “ನಮಗ ಬ್ಯಾರೆ ಏನೂ ಬ್ಯಾಡ್ರಿ. ಒಂದ ಸೀರಿ. ತರೂದು ನಾವ ತರತೇವ್ರಿ, ನಿಮ್ಮ ಕೈಲೆ ಹೊಚ್ಚಿದ್ರ ಸಾಕು.”

ಈ ಸೀಮೆಯಲ್ಲಿ ಹುಟ್ಟಿದ ಹೆಣ್ಣಿಗೆ ಆ ಸೀರೆ ಎಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಷ್ಟೇ ಬಡವಳಿರಲಿ, ಹೆಣ್ಣುಮಗಳು ಸತ್ತಾಗ ತವರಿನವರು ಸೀರೆ ತಂದು ಹೊದಿಸುವ ತನಕ ಹೆಣ ಎತ್ತುವುದಿಲ್ಲ. ನನ್ನ ಅವ್ವನಿಗೆ ಸೋದರಮಾವ ಹಸಿರು ಸೀರೆ ತಂದಿದ್ದ. ಇದೆಲ್ಲ ಗೊತ್ತಿದ್ದೂ ನಾನು ಕಪಾಟಿಗೆ ಹೋದೆ. ಮದುವೆ ನೋಂದಣಿಯ ನಕಲನ್ನು ಫೈಲಿನಲ್ಲೇ ಬಿಟ್ಟು, ಫೇರಫಾರದ ನಕಲನ್ನು ಮಾತ್ರ ತಂದು ನಿಮ್ಮ ಕೈಗೆ ಕೊಟ್ಟೆ.

“ನಮ್ಮ ಬಾಳವ್ವ ಹದಿನೈದ ವರ್ಷದಾಕಿ ಇದ್ದಾಗನ ತೀರಿಕೊಂಡಾಳ್ರಿ” ಎಂದೆ. “ನಿಮ್ಮವ್ವ ಬ್ಯಾರೆ ಯಾರೋ ಇರಬೇಕು.”

ನೀವು ಬೆರಳಿಟ್ಟು ಓದಿದಿರಿ. ‘ಮಯತ’ ಎಂಬಲ್ಲಿ ಬೆರಳು ನಿಂತಿತು. ಕಾಗದವನ್ನು ಮಡಿಕೆಯ ಗುಂಟ ಮಡಚಿ ವಾಪಸು ಕೊಟ್ಟಿರಿ. “ತಪ್ಪಾತ್ರಿ, ಸುಮ್ಮನ ನಿಮಗ ತ್ರಾಸ ಕೊಟ್ಟೆ. ಸರಕಾರಿ ಕಾಗದಾ ಸುಳ್ಳ ಯಾಕ ಹೇಳೀತು?” ಎಂದಿರಿ. ಜೂನ್ ಒಂದರ ಮಕ್ಕಳನ್ನು ಮೂವತ್ತು ವರ್ಷ ಬರೆದ ನನ್ನ ಮುಂದೆ ಆ ಮಾತು. ನಾನು ನಿಮಗೆ ಚಹಾ ಮಾಡಿಕೊಟ್ಟೆ.

ಒಂಬತ್ತು ದಿನದ ಮೇಲೆ ಮರಾಠಿ ಪೇಪರಿನ ನಿಧನ ವಾರ್ತೆಯಲ್ಲಿ ನಿಮ್ಮ ತಾಯಿಯ ಹೆಸರು ನೋಡಿದೆ. ಯಡ್ರಾವದ ಸುಮಿತ್ರಾ, ಹಿಂದೆ ಮಗಳು, ಅಳಿಯ, ಮೊಮ್ಮಕ್ಕಳು, ಬೂದಿ ನೀರಿಗೆ ಬಿಡುವ ರಕ್ಷಾವಿಸರ್ಜನೆ ಇಂಥ ದಿನ. ಆಗ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಕತ್ತರಿಯಿಂದ ಅದನ್ನು ಕತ್ತರಿಸಿ ಫೈಲಿಗೆ ಅಂಟಿಸಿದೆ — ಸಾವಿನ ತಾರೀಖು ಸಿಕ್ಕಿತಲ್ಲ ಎಂದು. ಅಂಟು ಒಣಗಿದ ಮೇಲೆ ನಾನು ಏನು ಮಾಡುತ್ತಿದ್ದೇನೆ ಎಂದು ಹೊಳೆಯಿತು. ಅಂದಿನಿಂದ ಆ ಫೈಲು ತೆಗೆದಿಲ್ಲ.

ಹೋದ ತಿಂಗಳು ನೂಲಕ್ಕೆ ಹೆಳವ ಮತ್ತೆ ಬಂದ. ಹುಟ್ಟಿದವರು, ಹೋದವರು ಯಾರೆಂದು ಕೇಳಿ ಬರೆದುಕೊಳ್ಳುತ್ತ, “ಯಡ್ರಾವಕ್ಕ ಹೋದಾಕಿ ಸುದ್ದಿ ಏನರ ತಿಳೀತ್ರಿ?” ಎಂದ. ಅಣ್ಣ ನನ್ನ ಮುಖ ನೋಡಿದ, ಎಲ್ಲ ತಿಳಿದವಳು ಇವಳೇ ಎಂಬ ಅಭಿಮಾನದಿಂದ. ಆ ನೋಟವನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ಅಂಗಳದಲ್ಲಿ, ಹೆಳವನ ಎದುರಿಗೇ, ಎಲ್ಲವನ್ನೂ ಹೇಳಿದೆ. ಅಪ್ಪನ ಸಹಿ, ನೋಂದಣಿ, ಶೇಂಗಾ, ನೀವು ಬಂದದ್ದು.

ಅಣ್ಣ ಕೇಳಿದ: “ಹೊಲಾ ಕೇಳಿದ್ರೇನು?”

“ಇಲ್ಲ.”

“ಮತ್ತೇನು ಕೇಳಿದ್ರು?”

“ಒಂದ ಸೀರಿ.”

ಅವನು ಎದ್ದು ಟೋಪಿ ಹಾಕಿಕೊಂಡು ಹೊರಗೆ ಹೋದ. ಸಂಜೆಯವರೆಗೆ ಬರಲಿಲ್ಲ. ಬಂದವನು ನನ್ನ ಕಡೆ ನೋಡದೆ, “ಅವರ ಮನಿಗಿ ನಾನೂ ಬರತೇನಿ” ಎಂದ. ಇಂದಿಗೂ ನನ್ನೊಡನೆ ನೆಟ್ಟಗೆ ಮಾತಾಡುತ್ತಿಲ್ಲ, ಅದು ನ್ಯಾಯವೇ. ಹೆಳವ ಮಾತ್ರ ತನ್ನ ಕೆಲಸ ಮಾಡಿದ. ಹೆಣ್ಣುಮಕ್ಕಳ ಹೆಸರು ಬರೆಯುವ ರೂಢಿ ಇಲ್ಲದವನು ನಾನು ಕೇಳಿಕೊಂಡದ್ದಕ್ಕೆ ನಿಮ್ಮ ತಾಯಿಯ ಎರಡೂ ಹೆಸರು ಬರೆದ. ನಿಮ್ಮ ಹೆಸರು, ನಿಮ್ಮ ಮಕ್ಕಳ ಹೆಸರು ಹೇಳಹೋದಾಗ ಕೈ ಅಡ್ಡ ಹಿಡಿದ: “ಅದನ್ನ ಅವ್ರ ಬಾಯಿಂದ ಕೇಳಬೇಕ್ರಿ. ನಿಮ್ಮ ಮನಿ ಪುಸ್ತಕದಾಗ ಬರಾಕ ಅವ್ರಿಗಿ ಮನಸ ಐತೋ ಇಲ್ಲೋ.”

ಈ ಪತ್ರ ಮುಟ್ಟಿದ ಮೇಲಿನ ಸೋಮವಾರ ಅಣ್ಣ ಮತ್ತು ನಾನು ನಿಮ್ಮ ಮನೆಗೆ ಬರುತ್ತೇವೆ. ಎಲ್ಲ ಕಾಗದಗಳನ್ನೂ ತರುತ್ತೇನೆ, ಅಪ್ಪನ ಹೇಳಿಕೆ ಸುಳ್ಳೆಂದು ನಾನು ಬರೆದು ಸಹಿ ಹಾಕಿದ್ದನ್ನೂ. ಅದರಿಂದ ಹೊಲದ ಪಾಲು ಕೇಳುವುದಾದರೆ ಕೇಳಿ, ಅಣ್ಣ ಒಪ್ಪಿದ್ದಾನೆ. ಸೀರೆ ತರುವುದಿಲ್ಲ, ಅದನ್ನು ಹೊದಿಸಲು ಈಗ ಯಾರಿದ್ದಾರೆ? ನೀವು ಬಾಗಿಲು ತೆರೆಯದಿದ್ದರೆ ಕಾಗದಗಳನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತೇವೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಅದು ನಿಮ್ಮ ತಾಯಿ ಕೊಡಬೇಕಾಗಿದ್ದು. ನಿಮಗೆ ಒಂದು ಮಾತು ಮಾತ್ರ ನನ್ನ ಬಾಯಿಂದಲೇ ಗೊತ್ತಾಗಬೇಕು. ಹಾಸಿಗೆಯಲ್ಲಿ ಮಲಗಿ ಅವರು ಅಂದದ್ದು ಮುಪ್ಪಿನ ಬಡಬಡಿಕೆಯಲ್ಲ, ಅವರಿಗೆ ತವರಿತ್ತು. ಬಂದು ಸೀರೆ ಹೊದಿಸಬೇಕಾದವಳು ನಾನು ಇದ್ದೆ, ಮೂವತ್ತು ಕಿಲೋಮೀಟರ್ ದೂರದಲ್ಲಿ, ಎಲ್ಲ ಗೊತ್ತಿದ್ದು, ಬರಲಿಲ್ಲ.