ಉಸಿರು ಹಿಡಿಯಿರಿ ಎಂದವಳು

ಮೊನ್ನೆ ಇಲ್ಲಿ ಸ್ವೀಡನ್ನಿನ ಸುಂಡ್‌ಬೀಬರ್ಯ್‌ನಲ್ಲಿ ನಮ್ಮ ಮನೆ ಹತ್ತಿರದ ವ್ಯಾಯಾಮದ ಹಾಲ್‌ಗೆ ಹೋಗಿ ಹೊಸ ಮ್ಯಾಟ್ ಬಿಚ್ಚಿದೆ. ರಬ್ಬರಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು ನೋಡಿ, ಕಿವಿ ಬಿಸಿಯಾಯಿತು. ಕೆಲವರಿಗೆ ವಾಸನೆಗಳು ಬಾಲ್ಯವನ್ನು ತಂದುಕೊಡುತ್ತವಂತೆ. ನನಗೆ ಈ ವಾಸನೆ ತಂದುಕೊಟ್ಟದ್ದು ಗುನಿಲ್ಲಾಳನ್ನು, ಅವಳಿಗೆ ನಾನು ಹೇಳಿದ ಸುಳ್ಳನ್ನು.

ಐದು ವರ್ಷದ ಹಿಂದಿನ ಮಾತು. ನಾನು ಆಗಷ್ಟೇ ಇಲ್ಲಿನ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿದ್ದೆ. ಕೆಲಸ ಬರುತ್ತಿತ್ತು, ಭಾಷೆ ಬರುತ್ತಿರಲಿಲ್ಲ. ಫೀಕಾ ಎನ್ನುವ ಬಿಡುವಿನ ಹೊತ್ತಿನಲ್ಲಿ ಎಲ್ಲರೂ ಕಾಫಿ ಹಿಡಿದು ಸ್ವೀಡಿಷ್‌ನಲ್ಲಿ ಹರಟಿ ನಗುವಾಗ ನಾನೂ ನಗುತ್ತಿದ್ದೆ, ಒಂದು ಕ್ಷಣ ತಡವಾಗಿ. ಯಾವುದಕ್ಕೆ ನಕ್ಕೆ ಎಂದು ಯಾರೂ ಕೇಳದಿದ್ದುದು ನನ್ನ ಪುಣ್ಯ.

ಗುನಿಲ್ಲಾ ಗ್ರಾಹಕರ ದೂರು ಕೇಳುವ ವಿಭಾಗದವಳು, ಅರವತ್ತರ ಹತ್ತಿರದ ಹೆಂಗಸು. ಕೆಲಸದ ಒತ್ತಡದಿಂದ ನಿದ್ದೆಗೆಟ್ಟು, ಆರು ತಿಂಗಳು ರಜೆಯಲ್ಲಿದ್ದು ಮರಳಿದ್ದಳು. ಒಂದು ದಿನ ಪಕ್ಕದಲ್ಲಿ ಕೂತು, "ನೀನು ಇಂಡಿಯಾದವಳು. ನಿನಗೆ ಯೋಗ ಬರುತ್ತದಲ್ಲವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಹೂಂ, ನಮ್ಮಜ್ಜಿ ಕಲಿಸಿದ್ದು" ಎಂದೆ.

ಅಜ್ಜಿಯ ವಿಷಯ ಹೇಳಿಬಿಡುತ್ತೇನೆ. ತುಮಕೂರಿನ ನಮ್ಮಜ್ಜಿ ಪಾರ್ಕಿನಲ್ಲಿ ಕೈಕಾಲು ಎತ್ತುವವರನ್ನು ಕಾಂಪೌಂಡಿನಿಂದ ನೋಡಿ, "ಇವ್ರಿಗೇನು ಮನೇಲಿ ಕೆಲ್ಸ ಇಲ್ವಾ?" ಎನ್ನುತ್ತಿದ್ದರು. ಅವರಿಗೆ ಬರುತ್ತಿದ್ದ ಒಂದೇ ಆಸನವೆಂದರೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಸೀರಿಯಲ್ ನೋಡುವುದು. ತೀರಿಕೊಂಡವರನ್ನು ಸಾಕ್ಷಿಗೆ ಕರೆದರೆ ಅಲ್ಲಗಳೆಯಲು ಬರುವುದಿಲ್ಲವಲ್ಲ.

ಹೀಗೆ ಪ್ರತಿ ಬುಧವಾರ ಊಟದ ಹೊತ್ತಿಗೆ ಮೀಟಿಂಗ್ ರೂಮಿನಲ್ಲಿ ಹೊಸ ರಬ್ಬರ್ ಮ್ಯಾಟ್ ಹಾಸಿ ನನ್ನ ಯೋಗದ ಕ್ಲಾಸ್ ಶುರುವಾಯಿತು. ಆರು ಜನ. ಹಿಂದಿನ ದಿನ ಮೊಬೈಲಿನಲ್ಲಿ ವಿಡಿಯೋ ನೋಡಿ ಮನೆಯ ಹಾಲ್‌ನಲ್ಲಿ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ. ಗಂಡ ಮಂಜು ಸೋಫಾದಿಂದ ನೋಡಿ, "ನಿಂಗೇ ಬಗ್ಗಕ್ಕಾಗ್ತಿಲ್ವಲ್ಲೇ. ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದ.

"ಬರೀ ಸ್ಟ್ರೆಚಿಂಗ್ ಕಣೋ, ಸುಮ್ನಿರು."

ನಿಜ ಹೇಳಲೇ? ಒತ್ತಡ ಇಳಿದದ್ದು ನನಗೆ. ಆ ಅರ್ಧ ಗಂಟೆ ನಾನು ಕೈ ಎತ್ತಿದರೆ ಆರು ಜನ ಎತ್ತುತ್ತಿದ್ದರು. ನಾನು ನಕ್ಕಮೇಲೆ ಅವರು ನಗುತ್ತಿದ್ದರು. ಗುನಿಲ್ಲಾ ಅಂತೂ ನೋಟ್‌ಬುಕ್ ತಂದು ಆಸನಗಳ ಹೆಸರು ಬರೆದುಕೊಳ್ಳುತ್ತಿದ್ದಳು. ಒಮ್ಮೆ ನನ್ನ ಕೈ ಹಿಡಿದು, "ಈಗ ನಿದ್ದೆ ಬರುತ್ತಿದೆ" ಎಂದಳು. ಅದು ನನ್ನ ತಲೆಗೇರಿತು.

ಒಂದು ಬುಧವಾರ ಕ್ಲಾಸಿಗೆ ಮುಂಚೆ ಅವಳು ಮೆಲ್ಲಗೆ, "ನನಗೆ ಬಿಪಿ ಇದೆ. ಉಸಿರು ಹಿಡಿದಾಗ ತಲೆ ಸುತ್ತುತ್ತದೆ, ಪರವಾಗಿಲ್ಲವಾ?" ಎಂದು ಕೇಳಿದಳು. ಡಾಕ್ಟರನ್ನು ಕೇಳು ಎನ್ನಬಹುದಿತ್ತು. "ಮೊದಮೊದಲು ಹಾಗೇ ಆಗೋದು. ಅಜ್ಜಿಯೂ ಇದನ್ನೇ ಹೇಳುತ್ತಿದ್ದರು" ಎಂದೆ. ಅಂದು ಇನ್ನೂ ಹೆಚ್ಚು ಹೊತ್ತು ಉಸಿರು ಹಿಡಿಸಿದೆ. ಅವಳ ಮುಖ ಕೆಂಪಾದದ್ದು ಕಂಡಿತು. ಕಂಡೂ, "ಇನ್ನೂ ಸ್ವಲ್ಪ" ಎಂದೆ. ಎದ್ದು ನಿಲ್ಲಲು ಹೋದವಳು ಪಕ್ಕಕ್ಕೆ ವಾಲಿ, ಹಣೆ ಮೇಜಿನ ಅಂಚಿಗೆ ಬಡಿದು ಬಿದ್ದಳು.

ಆಂಬುಲೆನ್ಸ್ ಬಂತು. ಏನಾಯಿತೆಂದು ಮ್ಯಾನೇಜರ್ ಕೇಳಿದಾಗ, "ಬೆಳಗ್ಗೆ ಏನೂ ತಿಂದಿರಲಿಲ್ಲ ಅನ್ನಿಸುತ್ತದೆ" ಎಂದೆ. ಇಡೀ ಕತೆಯಲ್ಲಿ ನನಗೆ ಇವತ್ತಿಗೂ ನುಂಗಲಾಗದ ವಾಕ್ಯ ಇದು.

ಹಣೆಗೆ ನಾಲ್ಕು ಹೊಲಿಗೆ ಬಿದ್ದವು, ಬೇರೇನೂ ಆಗಲಿಲ್ಲ. "ಹೋಗಿ ಹೇಳ್ಬಿಟ್ ಬಾ" ಎಂದು ಮಂಜು ವಾರವಿಡೀ ಪೀಡಿಸಿದ ಮೇಲೆ ಅವಳ ಮನೆಗೆ ಹೋದೆ. ಗುನಿಲ್ಲಾ ಕಾಫಿ ಕೊಟ್ಟು, "ನೀನು ಬೇಜಾರು ಮಾಡಿಕೊಳ್ಳಬೇಡ. ನಾನೇ ಸರಿಯಾಗಿ ಮಾಡಲಿಲ್ಲ" ಎಂದಳು. ಅದನ್ನು ಕೇಳಿಕೊಂಡು ಸುಮ್ಮನೆ ಕೂರಲಾಗಲಿಲ್ಲ. ಅಜ್ಜಿ, ವಿಡಿಯೋ, ಮ್ಯಾನೇಜರ್‌ಗೆ ಹೇಳಿದ್ದು, ಎಲ್ಲ ಹೇಳಿದೆ.

ಅವಳು ಕಾಫಿ ಲೋಟ ಕೆಳಗಿಟ್ಟಳು. ಆಮೇಲೆ, "ಯೋಗ ಯಾರು ಕಲಿಸಿದರು ಎಂದು ಡಾಕ್ಟರ್ ಸಿಟ್ಟಾದರು. ನನ್ನ ಟೀಚರ್ ಚಿಕ್ಕಂದಿನಿಂದ ಕಲಿತವಳು, ಅವಳನ್ನು ಅನ್ನಬೇಡಿ ಎಂದು ನಾನು ವಾದ ಮಾಡಿದೆ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಎದ್ದುಹೋಗಿ ನನ್ನ ಕೋಟು ತಂದುಕೊಟ್ಟಳು.

ಮರುದಿನ ಮ್ಯಾನೇಜರ್‌ಗೂ ನಿಜ ಹೇಳಿದೆ. ಕ್ಲಾಸ್ ನಿಂತಿತು. ನಿವೃತ್ತಳಾಗುವವರೆಗೂ ಗುನಿಲ್ಲಾ ಎದುರಾದರೆ "ಹೇಯ್" ಎಂದು ಇಲ್ಲಿನವರ ನಮಸ್ಕಾರವನ್ನಷ್ಟೇ ಹೇಳುತ್ತಿದ್ದಳು, ಪಕ್ಕದಲ್ಲಿ ಬಂದು ಕೂರಲಿಲ್ಲ.

ಅಂದಿನಿಂದ ಯೋಗದ ಹೆಸರೆತ್ತಿರಲಿಲ್ಲ. ಈಗ ಕೆಲಸದ ಒತ್ತಡಕ್ಕೆ ನನಗೇ ಎದೆ ಡವಗುಟ್ಟಲು ಶುರುವಾಗಿ, ಮೊನ್ನೆ ಆ ಹಾಲ್‌ನ ಯೋಗದ ಕ್ಲಾಸಿಗೆ ಸೇರಿದೆ. ಟೀಚರ್ ಲಿನ್ನೇಯಾ ಎಂಬ ಚಿಕ್ಕ ವಯಸ್ಸಿನವಳು. ಒಬ್ಬೊಬ್ಬರ ಹತ್ತಿರವೂ ಬಂದು ಮೊಣಕಾಲು, ಬೆನ್ನು, ಬಿಪಿ ಎಂದು ವಿಚಾರಿಸಿದಳು. ಒಬ್ಬರಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ನನ್ನ ಮುಂದೆ ನಿಂತು, ನಾಚಿಕೊಂಡು, "ಅಯ್ಯೋ, ಇಂಡಿಯಾದವಳಿಗೆ ನಾನು ಕಲಿಸುವುದೇ? ನಿನಗೆಲ್ಲ ಗೊತ್ತಿರುತ್ತದೆ" ಎಂದಳು. ಎಲ್ಲರೂ ತಿರುಗಿ ನೋಡಿದರು.

"ನನಗೇನೂ ಗೊತ್ತಿಲ್ಲ" ಎಂದೆ, ಸ್ವೀಡಿಷ್‌ನಲ್ಲೇ.

ಅವಳು ಅದನ್ನು ವಿನಯವೆಂದುಕೊಂಡು ನಕ್ಕಳು. ಹಾಗಾಗಿ ಇನ್ನೊಮ್ಮೆ, ಎಲ್ಲರಿಗೂ ಕೇಳುವಂತೆ ಹೇಳಬೇಕಾಯಿತು.